ಎಲ್ಲ ನೋವೂ ಥೈರಾಯ್ಡ್ ಖಾತೆಗೇ?

2018ರ ಮಳೆಗಾಲ. ಬೆಳಗಿನ ಮೊದಲ ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ನನ್ನ ಕೈಯಿಂದ ಸೀಮೆಸುಣ್ಣ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡೆ, ಮತ್ತೆ ಜಾರಿತು. ಬೆರಳುಗಳು ಮಡಚಲು ಒಪ್ಪುತ್ತಿರಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಉಳಿದ ಸಾಲುಗಳನ್ನು ಬರೆದುಕೊಟ್ಟಳು. ಸ್ಟಾಫ್ ರೂಮಿನಲ್ಲಿ ಈ ಸಂಗತಿಯನ್ನು ಹೇಳಿದಾಗ ಸಹೋದ್ಯೋಗಿಯೊಬ್ಬರು ತಲೆ ಎತ್ತದೆಯೇ ಅಂದರು: 'ನಿಮಗೆ ಥೈರಾಯ್ಡ್ ಇದೆಯಲ್ಲ ಮೇಡಂ, ಅದರದ್ದೇ ಇರಬೇಕು.' ಸಂಜೆ ಮನೆಯವರೂ ಅದನ್ನೇ ಹೇಳಿದರು. ಮರುವಾರ ನಮ್ಮ ಬಡಾವಣೆಯ ವೈದ್ಯರೂ ಅದನ್ನೇ ಹೇಳಿ, ನೋವಿನ ಮಾತ್ರೆ ಬರೆದುಕೊಟ್ಟರು. ನಾನೂ ನಂಬಿದೆ. ಆ ನಂಬಿಕೆಗೆ ಒಂದೂವರೆ ವರ್ಷದ ಬೆಲೆ ತೆತ್ತೆ.

ನಾನು ವೈದ್ಯಳಲ್ಲ, ಕನ್ನಡ ಪಾಠ ಹೇಳುವವಳು. ಇಲ್ಲಿ ಬರೆಯುತ್ತಿರುವುದು ಎರಡು ಕಾಯಿಲೆಗಳನ್ನು ಒಟ್ಟಿಗೆ ಹೊತ್ತುಕೊಂಡು ನಡೆಯುತ್ತಿರುವ ರೋಗಿಯೊಬ್ಬಳ ತಿಳಿವಳಿಕೆ ಮಾತ್ರ. ಆದರೂ ಬರೆಯಬೇಕೆನಿಸಿದ್ದಕ್ಕೆ ಕಾರಣವಿದೆ. ನನ್ನ ವಯಸ್ಸಿನ ಹೆಂಗಸರು ನಾಲ್ವರು ಸೇರಿದಲ್ಲಿ ಒಬ್ಬರಿಗಾದರೂ ಥೈರಾಯ್ಡ್ ಇರುತ್ತದೆ, ಮೂವರಿಗೆ ಕೀಲುನೋವು ಇರುತ್ತದೆ. ಇವೆರಡರ ನಡುವಿನ ಸಂಬಂಧವೇನು, ಸಂಬಂಧವಿಲ್ಲದ್ದು ಎಲ್ಲಿ ಎಂಬುದು ಮಾತ್ರ ಯಾರಿಗೂ ಸ್ಪಷ್ಟವಿರುವುದಿಲ್ಲ.

ನನ್ನ ಕತೆಯ ಮೊದಲ ಭಾಗ ಇದಕ್ಕೆ ತೀರಾ ತಿರುವುಮುರುವಾದದ್ದು. 2016ರಲ್ಲಿ ನನಗೆ ವಿಪರೀತ ದಣಿವು ಆರಂಭವಾಯಿತು. ಭುಜ, ತೊಡೆಗಳಲ್ಲಿ ಭಾರವಾದ ನೋವು. ಮೆಟ್ಟಿಲು ಹತ್ತುವಾಗ ಕಾಲು ಎತ್ತಲಾಗದ ಸ್ಥಿತಿ. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು. ನಸುಕಿನಲ್ಲಿ ಬೆರಳುಗಳಿಗೆ ಜೋಮು. ಆಗ ಎಲ್ಲರೂ ಹೇಳಿದ್ದು ಒಂದೇ: 'ವಯಸ್ಸಾಯಿತಲ್ಲ, ಮುಟ್ಟು ನಿಲ್ಲುವ ಕಾಲ, ಕ್ಯಾಲ್ಸಿಯಂ ಕಡಿಮೆಯಾಗಿದೆ.' ಎಂಟು ತಿಂಗಳು ಕ್ಯಾಲ್ಸಿಯಂ ನುಂಗಿದೆ, ಮುಲಾಮು ಹಚ್ಚಿದೆ, ಆಗಾಗ ನೋವಿನ ಮಾತ್ರೆ ತೆಗೆದುಕೊಂಡೆ. ಕೊನೆಗೆ ಬೇರೊಂದು ಕಾರಣಕ್ಕೆ ರಕ್ತಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ ಪ್ರಮಾಣ ಇರಬೇಕಾದ್ದಕ್ಕಿಂತ ಹಲವು ಪಟ್ಟು ಹೆಚ್ಚಿದ್ದುದು ಗೊತ್ತಾಯಿತು. ಟಿಎಸ್‌ಎಚ್ ಎಂಬುದು ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಥೈರಾಯ್ಡ್‌ಗೆ ಹೋಗುವ ಹುಕುಂ. ಕತ್ತಿನ ಗ್ರಂಥಿ ಕೆಲಸದಲ್ಲಿ ಹಿಂದೆ ಬಿದ್ದಷ್ಟೂ ಮೇಲಿನಿಂದ ಬರುವ ಹುಕುಂ ಜೋರಾಗುತ್ತದೆ. ಆದ್ದರಿಂದಲೇ ಟಿಎಸ್‌ಎಚ್ ಏರಿದೆ ಎಂದರೆ ಥೈರಾಯ್ಡ್ ಕುಗ್ಗಿದೆ ಎಂದರ್ಥ.

ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಸ್ನಾಯುಗಳು ನೋಯುತ್ತವೆ, ಬಿಗಿದುಕೊಳ್ಳುತ್ತವೆ. ಮಣಿಕಟ್ಟಿನಲ್ಲಿ ಊತ ಸೇರಿ ಅಲ್ಲಿ ಹಾದುಹೋಗುವ ನರ ಒತ್ತಿಕೊಂಡು ಬೆರಳು ಜೋಮುಗಟ್ಟುತ್ತವೆ. ಭುಜ ಹಿಡಿದುಕೊಳ್ಳುವ ತೊಂದರೆಯೂ ಇಂಥವರಲ್ಲಿ ಹೆಚ್ಚು. ಲೆವೊಥೈರಾಕ್ಸಿನ್ ಮಾತ್ರೆ ಆರಂಭಿಸಿದ ಮೂರು ನಾಲ್ಕು ತಿಂಗಳಲ್ಲಿ ನನ್ನ ತೊಡೆ ಭುಜಗಳ ನೋವು ಬಿಸಿಲಿಗೆ ಮಂಜು ಕರಗಿದಂತೆ ಕರಗಿತು. ಅಂದಿನಿಂದ ಆ ಸಣ್ಣ ಮಾತ್ರೆಯ ಮೇಲೆ ಎಷ್ಟು ಭಕ್ತಿ ಹುಟ್ಟಿತೆಂದರೆ, ನನ್ನ ದೇಹದ ಯಾವುದೇ ದೂರನ್ನೂ ಅದರ ಲೆಕ್ಕಕ್ಕೇ ಬರೆಯತೊಡಗಿದೆ.

ಇದು ನನ್ನೊಬ್ಬಳ ತಪ್ಪೇನಲ್ಲ. ಬೆಂಗಳೂರೂ ಸೇರಿದಂತೆ ದೇಶದ 8 ನಗರಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಶೇ. 11ರಷ್ಟು ಮಂದಿಗೆ ಥೈರಾಯ್ಡ್ ಕೊರತೆ ಕಂಡುಬಂದಿತ್ತು. ಅವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ತಮಗೆ ಆ ತೊಂದರೆಯಿದೆ ಎಂಬುದೇ ಗೊತ್ತಿರಲಿಲ್ಲ. ಇಷ್ಟು ಸಾಮಾನ್ಯವಾದ ಕಾಯಿಲೆಗೆ ಎರಡು ಬಗೆಯ ಅನ್ಯಾಯ ಆಗುತ್ತದೆ. ಗೊತ್ತಾಗುವ ಮೊದಲು ಯಾರೂ ಅದನ್ನು ಸಂಶಯಿಸುವುದಿಲ್ಲ. ಗೊತ್ತಾದ ಮೇಲೆ ಅದನ್ನು ಬಿಟ್ಟು ಬೇರಾವುದನ್ನೂ ಸಂಶಯಿಸುವುದಿಲ್ಲ. ಕೂದಲು ಉದುರಿದರೆ ಥೈರಾಯ್ಡ್, ತೂಕ ಏರಿದರೆ ಥೈರಾಯ್ಡ್, ಸಿಟ್ಟು ಬಂದರೆ ಥೈರಾಯ್ಡ್, ಬೆರಳು ಊದಿಕೊಂಡರೂ ಥೈರಾಯ್ಡ್.

ನನ್ನ ಯಜಮಾನರು ಬ್ಯಾಂಕಿನಲ್ಲಿದ್ದವರು. ಯಾವ ಖಾತೆಗೆ ಸೇರಿದ್ದೆಂದು ತಿಳಿಯದ ಹಣವನ್ನು ಅಲ್ಲಿ 'ಸಸ್ಪೆನ್ಸ್ ಖಾತೆ'ಗೆ ಹಾಕಿಡುತ್ತಾರಂತೆ. ಆದರೆ ಅದನ್ನು ಹಾಗೇ ಬಿಡುವಂತಿಲ್ಲ. ಹುಡುಕಿ, ವಿಚಾರಿಸಿ, ಸರಿಯಾದ ಖಾತೆಗೆ ವರ್ಗಾಯಿಸಲೇಬೇಕು. ನಮ್ಮ ಹೆಣ್ಣುಮಕ್ಕಳ ನೋವುಗಳ ಪಾಲಿಗೆ ಥೈರಾಯ್ಡ್ ಇಂದು ಅಂಥದೊಂದು ಸಸ್ಪೆನ್ಸ್ ಖಾತೆಯಾಗಿದೆ. ಹಾಕುವವರು ಎಲ್ಲರೂ, ತೆಗೆದು ವಿಚಾರಿಸುವವರು ಯಾರೂ ಇಲ್ಲ.

ಹಿಂದೆ ಈ ಖಾತೆಯ ಹೆಸರು 'ವಾಯು' ಎಂದಿತ್ತು. ನನ್ನ ತಾಯಿ ಸಾಗರದ ಕಡೆಯವರು. ಅಡಿಕೆ ಕೊಯ್ಲಿನ ಕಾಲದಲ್ಲಿ ನಡುರಾತ್ರಿಯವರೆಗೂ ಕತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ನಲವತ್ತು ದಾಟುವಷ್ಟರಲ್ಲಿ ಅವರ ಬೆರಳುಗಳು ಒಂದೇ ಕಡೆಗೆ ವಾಲತೊಡಗಿದವು, ಗೆಣ್ಣುಗಳು ದಪ್ಪಗಾದವು. ಐವತ್ತರ ಹೊತ್ತಿಗೆ ತಾವೇ ಬಳೆ ತೊಡಲು ಆಗುತ್ತಿರಲಿಲ್ಲ. ವಾಯು ಎಂದರು, ಆಲೂಗಡ್ಡೆ ಬಿಡಿಸಿದರು, ಕಡಲೆಬೇಳೆ ಬಿಡಿಸಿದರು, ಎಣ್ಣೆ ತಿಕ್ಕಿದರು. ಅವರು ಸುಲಿಯುವುದನ್ನು ಮಾತ್ರ ಯಾರೂ ಬಿಡಿಸಲಿಲ್ಲ. 2009ರಲ್ಲಿ ಅವರು ತೀರಿಕೊಂಡಾಗಲೂ ಆ ಕೈಗಳ ಕಾಯಿಲೆಗೆ ಒಂದು ಹೆಸರಿರಲಿಲ್ಲ. ನನ್ನ ಬೆರಳು ಊದಿಕೊಂಡಾಗ ಆ ಕೈಗಳು ನೆನಪಾಗಬೇಕಿತ್ತು. ನೆನಪಾಗಲಿಲ್ಲ, ಏಕೆಂದರೆ ನನ್ನ ನೋವಿಗೆ ಆಗಲೇ ಒಂದು ಹೆಸರು ಸಿಕ್ಕಿಬಿಟ್ಟಿತ್ತು.

ಹೀಗಾಗಿ ನಾನು ಮಾಡಿದ್ದೇನು? ಥೈರಾಯ್ಡ್ ಮಾತ್ರೆ ಸಾಲದೇನೋ ಎಂದುಕೊಂಡು ಯಾರನ್ನೂ ಕೇಳದೆ ಪ್ರಮಾಣ ಹೆಚ್ಚಿಸಿಕೊಂಡೆ. ಎದೆ ಹೊಡೆದುಕೊಳ್ಳತೊಡಗಿತು, ನಿದ್ದೆ ಹಾರಿಹೋಯಿತು, ಬೆರಳ ನೋವು ಮಾತ್ರ ಇದ್ದಲ್ಲೇ ಇತ್ತು. ಈ ಹಾರ್ಮೋನು ಮಿತಿಮೀರಿದರೆ ಹೃದಯದ ಲಯ ತಪ್ಪಬಹುದು, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆಯಬಹುದು ಎಂಬುದು ನನಗೆ ತಿಳಿದದ್ದು ಆಮೇಲೆ. ಕೀಲನ್ನು ಉಳಿಸಲು ಹೊರಟವಳು ಮೂಳೆಗೇ ಕುತ್ತು ತಂದುಕೊಳ್ಳುತ್ತಿದ್ದೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. 2019ರಲ್ಲಿ ಬಂಧುಗಳೊಬ್ಬರ ಮಾತು ಕೇಳಿ ಊರಾಚೆಯ ಒಬ್ಬರಿಂದ ಕಾಗದದ ಪೊಟ್ಟಣಗಳಲ್ಲಿ ಕಟ್ಟಿಕೊಡುವ ಹೆಸರಿಲ್ಲದ ಪುಡಿಯನ್ನು ತಂದೆ. ಮೂರನೇ ದಿನಕ್ಕೆ ನೋವು ಮಾಯ! ಎರಡು ತಿಂಗಳು ದೇವರೇ ಸಿಕ್ಕಂತಾಗಿತ್ತು. ನಂತರ ಮುಖ ಗುಂಡಗೆ ಊದಿಕೊಂಡಿತು, ಎಂದೂ ಇಲ್ಲದ ಸಕ್ಕರೆ ರಕ್ತದಲ್ಲಿ ಕಾಣಿಸಿತು. ಪುಡಿ ಮುಗಿದ ವಾರದಲ್ಲಿ ನೋವು ಬಡ್ಡಿ ಸಮೇತ ಮರಳಿತು. ಹಾಲಿನ ಪ್ಯಾಕೆಟ್ ಕತ್ತರಿಸಲೂ ಕೈ ಬಾರದಾಯಿತು. ಪುಡಿಯಲ್ಲಿ ಏನಿತ್ತೆಂದು ನಾನು ಪರೀಕ್ಷೆ ಮಾಡಿಸಲಿಲ್ಲ. ಆದರೆ ಮುಂದೆ ನನ್ನನ್ನು ನೋಡಿದ ತಜ್ಞರು ಆ ಲಕ್ಷಣಗಳನ್ನು ಕೇಳಿದೊಡನೆ ಅದು ಸ್ಟಿರಾಯ್ಡ್ ಇದ್ದೀತು ಎಂದರು. ದಿಢೀರನೆ ಅದನ್ನು ನಿಲ್ಲಿಸುವುದೂ ಜೀವಕ್ಕೆ ಅಪಾಯ ತರಬಹುದಿತ್ತು ಎಂದೂ ಗದರಿಸಿದರು.

ಆ ತಜ್ಞರ ಬಳಿ ಹೋದದ್ದು 2020ರ ಜನವರಿಯಲ್ಲಿ. ಕೀಲುವಾತಕ್ಕೆಂದೇ ಪ್ರತ್ಯೇಕ ವೈದ್ಯರಿದ್ದಾರೆ, ಅವರನ್ನು ರುಮಟಾಲಜಿಸ್ಟ್ ಎನ್ನುತ್ತಾರೆ ಎಂಬುದು ಇಷ್ಟು ಓದಿದ ನನಗೂ ಅಲ್ಲಿಯವರೆಗೆ ತಿಳಿದಿರಲಿಲ್ಲ. ಅವರು ನನ್ನ ಕಡತ ತೆರೆಯುವ ಮೊದಲೇ ಒಂದು ಪ್ರಶ್ನೆ ಕೇಳಿದರು: 'ಬೆಳಿಗ್ಗೆ ಎದ್ದ ಮೇಲೆ ನಿಮ್ಮ ಕೈ ಸಲೀಸಾಗುವುದಕ್ಕೆ ಎಷ್ಟು ಹೊತ್ತು ಬೇಕಮ್ಮಾ?' ನಾನು ಯೋಚಿಸಿ ಹೇಳಿದೆ: 'ಕಾಲೇಜಿಗೆ ಹೊರಡುವ ಹೊತ್ತಿಗೆ ಸರಿಹೋಗುತ್ತದೆ. ಎರಡು ಗಂಟೆ.' ಅವರು ನನ್ನೆರಡೂ ಕೈಗಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಥೈರಾಯ್ಡ್ ವರದಿ ಸರಿಯಾಗಿಯೇ ಇತ್ತು. ರುಮಟಾಯ್ಡ್ ಫ್ಯಾಕ್ಟರ್ ಮತ್ತು ಆಂಟಿ ಸಿಸಿಪಿ ಎಂಬ ಪರೀಕ್ಷೆಗಳ ಫಲಿತಾಂಶ ಬಂದಾಗ ನನ್ನ ನೋವಿಗೆ ತನ್ನದೇ ಹೆಸರು ಸಿಕ್ಕಿತು: ರುಮಟಾಯ್ಡ್ ಸಂಧಿವಾತ.

ಹಾಗಾದರೆ ಥೈರಾಯ್ಡ್‌ಗೂ ಇದಕ್ಕೂ ಸಂಬಂಧವೇ ಇಲ್ಲವೆ? ಇದೆ, ಆದರೆ ನಾವು ತಿಳಿದ ಬಗೆಯದಲ್ಲ. ಒಂದು ಇನ್ನೊಂದನ್ನು ಹುಟ್ಟಿಸಿದ್ದಲ್ಲ, ಎರಡೂ ಒಂದೇ ಮನೆತನದವು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ತನ್ನ ಮನೆಯ ಮೇಲೇ ಕಲ್ಲೆಸೆಯುವುದುಂಟು. ಕಲ್ಲು ಥೈರಾಯ್ಡ್ ಮೇಲೆ ಬಿದ್ದರೆ ಅದು ಹಾಶಿಮೊಟೊ ಕಾಯಿಲೆ. ಜಪಾನಿನ ವೈದ್ಯ ಹಕಾರು ಹಾಶಿಮೊಟೊ ಅದನ್ನು 1912ರಲ್ಲಿ ಮೊದಲು ವಿವರಿಸಿದರು. ಕೀಲಿನ ಒಳಪೊರೆಯ ಮೇಲೆ ಬಿದ್ದರೆ ರುಮಟಾಯ್ಡ್ ಸಂಧಿವಾತ. ಒಂದು ಇದ್ದವರಿಗೆ ಇನ್ನೊಂದು ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಎರಡೂ ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಅಂದರೆ 'ನಿಮಗೆ ಥೈರಾಯ್ಡ್ ಇದೆಯಲ್ಲ' ಎಂಬ ಮಾತು ಕೀಲುನೋವನ್ನು ತಳ್ಳಿಹಾಕಲು ಕಾರಣವಾಗಬಾರದು. ಅದನ್ನು ಇನ್ನಷ್ಟು ಜಾಗರೂಕತೆಯಿಂದ ನೋಡಲು ಕಾರಣವಾಗಬೇಕು.

ನೋವು ನೋವಿನಲ್ಲಿ ಇರುವ ಅಂತರವನ್ನು ವೈದ್ಯರು ನನಗೆ ಸರಳವಾಗಿ ಬಿಡಿಸಿ ಹೇಳಿದರು. ಥೈರಾಯ್ಡ್ ಕೊರತೆಯ ನೋವು ಬಹುಪಾಲು ಸ್ನಾಯುಗಳದ್ದು. ಚಿಕಿತ್ಸೆ ಆರಂಭವಾಗಿ ಟಿಎಸ್‌ಎಚ್ ಹದಕ್ಕೆ ಬಂದ ಕೆಲವು ತಿಂಗಳಲ್ಲಿ ಅದು ಇಳಿಯಬೇಕು. ವಯೋಸಹಜ ಸವೆತದ ನೋವು ಹೆಚ್ಚಾಗಿ ಮಂಡಿಗಳದ್ದು, ಬೆರಳ ತುದಿಯ ಗೆಣ್ಣುಗಳದ್ದು. ಕೆಲಸ ಮಾಡಿದಷ್ಟೂ ಹೆಚ್ಚುತ್ತದೆ, ವಿಶ್ರಾಂತಿಗೆ ತಗ್ಗುತ್ತದೆ, ಬೆಳಗಿನ ಬಿಗಿತ ಅರ್ಧ ಗಂಟೆಗೂ ಮೊದಲೇ ಸಡಿಲುತ್ತದೆ. ರುಮಟಾಯ್ಡ್ ನೋವು ಇದಕ್ಕೆ ವಿರುದ್ಧ. ಎರಡೂ ಕೈಗಳ ಬುಡದ ಮತ್ತು ನಡುವಿನ ಗೆಣ್ಣುಗಳು, ಮಣಿಕಟ್ಟು, ಪಾದದ ಸಣ್ಣ ಕೀಲುಗಳು ಊದಿಕೊಳ್ಳುತ್ತವೆ. ವಿಶ್ರಾಂತಿಯ ನಂತರವೇ ಬಿಗಿತ ಜಾಸ್ತಿ, ಅದು ಗಂಟೆಗಟ್ಟಲೆ ಇರುತ್ತದೆ. ಟಿಎಸ್‌ಎಚ್ ಸರಿಯಿದ್ದೂ ಊತ ಆರು ವಾರ ದಾಟಿತೆಂದರೆ ಥೈರಾಯ್ಡ್ ಮಾತ್ರೆಯ ಕಡೆ ನೋಡುತ್ತಾ ಕೂರಬಾರದು. ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಸಿಕ್ಕರೆ ಕೀಲು ಉಳಿಯುತ್ತದೆ. ಒಮ್ಮೆ ಕೊರೆದುಹೋದ ಮೂಳೆ ಮರಳಿ ಬರುವುದಿಲ್ಲ. ನನ್ನ ಬಲಗೈಯ ಎರಡು ಬೆರಳುಗಳು ಹಾಗೆ ಮರಳದೆ ಉಳಿದಿವೆ.

ಈ ಎರಡು ಕಾಯಿಲೆಗಳ ಚರಿತ್ರೆಯಲ್ಲಿ ಒಬ್ಬನೇ ವಿಜ್ಞಾನಿ ಎರಡು ಬಾರಿ ಎದುರಾಗುತ್ತಾನೆ ಎಂಬುದು ಓದುತ್ತಾ ಹೋದಾಗ ತಿಳಿದ ಸೋಜಿಗ. ಅಮೆರಿಕದ ರಸಾಯನ ವಿಜ್ಞಾನಿ ಎಡ್ವರ್ಡ್ ಕೆಂಡಲ್ 1914ರ ಕ್ರಿಸ್ಮಸ್ ದಿನ ಥೈರಾಯ್ಡ್ ಗ್ರಂಥಿಯಿಂದ ಥೈರಾಕ್ಸಿನ್ ಅನ್ನು ಬೇರ್ಪಡಿಸಿದ. ಮುಂದೆ ಅದೇ ಕೆಂಡಲ್ ಅಡ್ರಿನಲ್ ಗ್ರಂಥಿಯ ಕಾರ್ಟಿಸೋನ್ ಅನ್ನೂ ಬೇರ್ಪಡಿಸಿದ. ಮಾಯೊ ಕ್ಲಿನಿಕ್‌ನ ವೈದ್ಯ ಫಿಲಿಪ್ ಹೆಂಚ್ 1948ರಲ್ಲಿ ಅದನ್ನು ಸಂಧಿವಾತದ ರೋಗಿಯೊಬ್ಬಳಿಗೆ ಕೊಟ್ಟಾಗ ಹಾಸಿಗೆ ಹಿಡಿದಿದ್ದವಳು ದಿನಗಳಲ್ಲೇ ಎದ್ದು ನಡೆದಳು. 1950ರಲ್ಲಿ ಇಬ್ಬರಿಗೂ, ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು. ಆದರೆ ಆ ಪವಾಡದ ಬೆಲೆ, ಅಂದರೆ ಊದಿದ ಮುಖ, ಏರಿದ ಸಕ್ಕರೆ, ಸವೆದ ಮೂಳೆ ಬೇಗನೇ ಗೊತ್ತಾಯಿತು. ಇಂದು ವೈದ್ಯರು ಸ್ಟಿರಾಯ್ಡ್ ಅನ್ನು ಅಳೆದು ತೂಗಿ, ಸಾಧ್ಯವಾದಷ್ಟು ಕಡಿಮೆ ಕಾಲ ಕೊಡುತ್ತಾರೆ. ಅಳತೆಯಿಲ್ಲದೆ ಕೊಡುವವರು ಪೊಟ್ಟಣ ಕಟ್ಟುವವರು ಮಾತ್ರ.

ಎರಡನ್ನೂ ನಿಭಾಯಿಸುವುದು ಎಂದರೆ ಮುಖ್ಯವಾಗಿ ಗಡಿಯಾರದೊಂದಿಗೆ ಒಪ್ಪಂದ ಮಾಡಿಕೊಳ್ಳುವುದು. ಥೈರಾಯ್ಡ್ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ನೀರಿನೊಂದಿಗೆ ತೆಗೆದುಕೊಂಡು, ಅರ್ಧದಿಂದ ಒಂದು ಗಂಟೆ ಏನನ್ನೂ ಸೇವಿಸಬಾರದು, ಕಾಫಿಯನ್ನೂ ಕೂಡ. ಕಬ್ಬಿಣದ ಮಾತ್ರೆ, ಕೀಲುನೋವಿನವರೆಲ್ಲ ನುಂಗುವ ಕ್ಯಾಲ್ಸಿಯಂ ಮತ್ತು ನೋವಿನ ಮಾತ್ರೆಯ ಉರಿಗೆಂದು ಕುಡಿಯುವ ಆಂಟಾಸಿಡ್ ಅದು ಮೈಗೆ ಹತ್ತದಂತೆ ತಡೆಯುತ್ತವೆ. ಇವುಗಳ ನಡುವೆ ನಾಲ್ಕು ಗಂಟೆಗಳ ಅಂತರ ಬೇಕು. ನಾನು ವರ್ಷಗಟ್ಟಲೆ ಎರಡನ್ನೂ ಒಟ್ಟಿಗೇ ನುಂಗಿ, 'ಮಾತ್ರೆ ತೆಗೆದುಕೊಂಡರೂ ಟಿಎಸ್‌ಎಚ್ ಇಳಿಯುತ್ತಿಲ್ಲ' ಎಂದು ಗೊಣಗುತ್ತಿದ್ದೆ. ಪ್ರಮಾಣ ಬದಲಿಸಿದರೆ ಆರರಿಂದ ಎಂಟು ವಾರಗಳ ನಂತರವೇ ಮತ್ತೆ ಪರೀಕ್ಷೆ. ಅದಕ್ಕೂ ಮೊದಲು ರಕ್ತ ಕೊಡುವುದು ಹಣದ ದಂಡ. ಕೂದಲಿಗೆಂದು ಬಯೋಟಿನ್ ಮಾತ್ರೆ ತಿನ್ನುವವರು ಪರೀಕ್ಷೆಗೆ ಕನಿಷ್ಠ ಎರಡು ದಿನ ಮುಂಚೆ ಅದನ್ನು ನಿಲ್ಲಿಸದಿದ್ದರೆ ವರದಿ ಸುಳ್ಳು ಹೇಳೀತು. ವರದಿ ಸರಿ ಬಂತೆಂದು ಮಾತ್ರೆ ನಿಲ್ಲಿಸುವುದು, ಕೊಡೆ ಹಿಡಿದದ್ದರಿಂದ ನೆನೆಯಲಿಲ್ಲ, ಇನ್ನು ಕೊಡೆ ಏಕೆ ಎಂದು ಮಡಚಿಟ್ಟಂತೆ.

ಕೀಲಿನ ಔಷಧಕ್ಕೆ ಬೇರೆಯದೇ ಶಿಸ್ತು. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುವ ಔಷಧ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ನಿತ್ಯ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುವ ಕೈಗೆ ಈ ತಪ್ಪು ಸುಲಭ. ಅದಕ್ಕಾಗಿ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಕೆಂಪು ಸುತ್ತು ಹಾಕಿದ್ದೇವೆ, ಆ ಡಬ್ಬಿ ಯಜಮಾನರ ಬೀರುವಿನಲ್ಲಿರುತ್ತದೆ. ಜೊತೆಗೆ ಫೋಲಿಕ್ ಆಮ್ಲ, ನಿಗದಿತ ಕಾಲಕ್ಕೆ ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆ. ಮಕ್ಕಳಾಗುವ ಯೋಚನೆಯಿರುವವರು ಈ ಔಷಧದ ಬಗ್ಗೆ ವೈದ್ಯರಿಗೆ ಮೊದಲೇ ಹೇಳಬೇಕು. ನನ್ನ ಇನ್ನೊಂದು ಮಾತ್ರೆ ಹೈಡ್ರಾಕ್ಸಿಕ್ಲೋರೊಕ್ವಿನ್. ಅದಕ್ಕೆ ಕಣ್ಣಿನ ತಪಾಸಣೆ ಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಅದೇ ಮದ್ದು ಎಂಬ ಸುದ್ದಿ ಹಬ್ಬಿ ಅಂಗಡಿಗಳಲ್ಲಿ ಅದು ಮಾಯವಾದಾಗ, ಹತ್ತು ಮಾತ್ರೆಗಾಗಿ ಲಾಕ್‌ಡೌನ್ ನಡುವೆ ನಾವು ಐದು ಅಂಗಡಿ ಅಲೆದೆವು. ಕೊರೊನಾಕ್ಕೆ ಅದು ಉಪಯೋಗವಿಲ್ಲ ಎಂದು ಆಮೇಲೆ ಸಿದ್ಧವಾಯಿತು. ನಮ್ಮಂಥವರ ಕೀಲುಗಳಿಗೆ ಅದು ನಿಜವಾಗಿ ಬೇಕಾಗಿತ್ತು.

ಪಥ್ಯದ ವಿಷಯದಲ್ಲಿ ಬಂಧುಬಳಗದ ಉತ್ಸಾಹಕ್ಕೆ ಮಿತಿಯಿಲ್ಲ. ಥೈರಾಯ್ಡ್‌ಗೆ ಎಲೆಕೋಸು ಬೇಡ, ಕೀಲಿಗೆ ಅವರೆಕಾಳು ಬೇಡ, ಹುಳಿ ಬೇಡ, ಮೊಸರು ಬೇಡ. ಎಲ್ಲರ ಮಾತು ಕೇಳಿದರೆ ತಟ್ಟೆಯಲ್ಲಿ ಅನ್ನ ಮಾತ್ರ ಉಳಿಯುತ್ತದೆ. ಅಯೋಡಿನ್ ಬೆರೆಸಿದ ಉಪ್ಪು ತಿನ್ನುವ ಮನೆಯಲ್ಲಿ ಬೇಯಿಸಿದ ಎಲೆಕೋಸಿಗೆ ಹೆದರಬೇಕಿಲ್ಲ ಎಂದು ವೈದ್ಯರು ಹೇಳಿದ ಮೇಲೆ ನಾನು ಪಲ್ಯಕ್ಕೆ ಮರಳಿದೆ. ಚಳಿಗಾಲದ ಅವರೆಕಾಯಿಯನ್ನೂ ಬಿಟ್ಟಿಲ್ಲ. ಬಿಡಬೇಕಾದದ್ದು ಕೂತಲ್ಲೇ ಕೂರುವ ಅಭ್ಯಾಸವನ್ನು. ಬೆಳಿಗ್ಗೆ ಹತ್ತು ನಿಮಿಷ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳು ಮಡಚಿ ಬಿಡಿಸುತ್ತೇನೆ. ಸಂಜೆ ಕೃಷ್ಣರಾವ್ ಪಾರ್ಕಿನಲ್ಲಿ ಅರ್ಧ ಗಂಟೆ ನಡೆಯುತ್ತೇನೆ.

ಇನ್ನು ಯಾವ ಔಷಧದ ಚೀಟಿಯಲ್ಲೂ ಬರೆಯದ ಸಂಗತಿಯೊಂದಿದೆ. 'ಬರೀ ಹೊಟ್ಟೆಯಲ್ಲಿ ಮಾತ್ರೆ, ಆಮೇಲೆ ಒಂದು ಗಂಟೆ ಬಿಡುವು' ಎಂದು ಬರೆದುಕೊಡುವುದು ಸುಲಭ. ಐದಕ್ಕೆದ್ದು ಡಿಕಾಕ್ಷನ್ ಇಳಿಸಿ, ಎಲ್ಲರ ಡಬ್ಬಿ ಕಟ್ಟಿ, ಬಸ್ಸು ಹಿಡಿಯುವ ಹೆಂಗಸಿಗೆ ಆ ಒಂದು ಗಂಟೆ ಎಲ್ಲಿಂದ ಬರಬೇಕು? ಕೈ ಬಿಗಿದಿರುವ ಆ ಹೊತ್ತಿನಲ್ಲೇ ಹಿಟ್ಟು ನಾದಬೇಕು, ಮುದ್ದೆ ತಿರುವಬೇಕು, ಕುಕ್ಕರ್ ಮುಚ್ಚಳ ತಿರುಗಿಸಬೇಕು. ನನ್ನ ಅತ್ತೆಯವರೇ ಒಂದು ದಿನ 'ನೀನು ಏಳೂವರೆಗೆ ಮುಂಚೆ ಒಲೆಯ ಹತ್ತಿರ ಬರಬೇಡ' ಎಂದದ್ದು ನನಗೆ ಸಿಕ್ಕ ಔಷಧಗಳಲ್ಲಿ ಒಂದು. ಬೆಳಗಿನ ಕಾಫಿ ಈಗ ಯಜಮಾನರ ಪಾಲಿನದು. ಹೀಗೆ ಅನುಕೂಲವಿಲ್ಲದವರು ರಾತ್ರಿ ಊಟವಾದ ಮೂರು ಗಂಟೆಯ ಬಳಿಕ ಮಲಗುವ ಮುನ್ನ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬಹುದು. ಅದೂ ಕೆಲಸ ಮಾಡುತ್ತದೆ.

ಲೆವೊಥೈರಾಕ್ಸಿನ್, ಮೆಥೊಟ್ರೆಕ್ಸೇಟ್ ಎರಡೂ ಸರ್ಕಾರದ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಆದರೆ ಕೀಲುವಾತದ ತಜ್ಞರು ಸಿಗುವುದು ಹೆಚ್ಚಾಗಿ ದೊಡ್ಡ ನಗರಗಳಲ್ಲಿ. ಅಡಿಕೆ ಸುಲಿಯುವ, ನಾಟಿ ಮಾಡುವ, ಬೀಡಿ ಕಟ್ಟುವ ಕೈಗಳು ಇರುವುದು ಅವರಿಂದ ಬಹುದೂರದಲ್ಲಿ. ಎಲ್ಲ ಹಳ್ಳಿಗೂ ತಜ್ಞರನ್ನು ಕಳಿಸಲು ಆಗದಿರಬಹುದು. ಕೈ ಊದಿಕೊಂಡ ಹೆಣ್ಣುಮಗಳೊಬ್ಬಳು ಬಂದಾಗ ಒಂದು ಟಿಎಸ್‌ಎಚ್ ಪರೀಕ್ಷೆಯನ್ನೂ, ಅದು ಸರಿಯಿದ್ದರೆ ಮುಂದಿನ ಪರೀಕ್ಷೆಗಳನ್ನೂ ಬರೆಯುವ ರೂಢಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆಳೆಸುವುದು ಅಸಾಧ್ಯವೇನಲ್ಲ.

ನಾನು ಈಗಲೂ ಪಾಠ ಹೇಳುತ್ತೇನೆ. ಬೋರ್ಡಿನ ಮೇಲೆ ಬರೆಯುವುದು ಕಡಿಮೆಯಾಗಿದೆ, ಬರೆದದ್ದು ಸ್ವಲ್ಪ ಸೊಟ್ಟಗಿರುತ್ತದೆ. ಬಳೆಯನ್ನು ಮಾತ್ರ ನಾನೇ ತೊಟ್ಟುಕೊಳ್ಳುತ್ತೇನೆ. ನನ್ನ ತಾಯಿಯ ಕೈಗಳನ್ನು ಇಡೀ ಊರು ನೋಡಿತ್ತು, ಬೆಳಿಗ್ಗೆ ಅವು ಬಿಡಿಸಿಕೊಳ್ಳಲು ಎಷ್ಟು ಹೊತ್ತು ಬೇಕು ಎಂದು ಒಬ್ಬರೂ ಕೇಳಿರಲಿಲ್ಲ. ನಿಮ್ಮ ಮನೆಯಲ್ಲೂ ಕೈ ನೀವಿಕೊಳ್ಳುತ್ತಾ ಕಾಫಿ ಲೋಟ ತಂದಿಡುವ ಒಬ್ಬರು ಇರಬಹುದು. ನಾಳೆ ಬೆಳಿಗ್ಗೆ ಅವರನ್ನು ಈ ಪ್ರಶ್ನೆ ಕೇಳಿ. ಉತ್ತರ ಒಂದು ಗಂಟೆಗಿಂತ ಹೆಚ್ಚಾದರೆ, 'ಥೈರಾಯ್ಡ್ ಇದೆಯಲ್ಲ' ಎಂದು ಸುಮ್ಮನಾಗಬೇಡಿ.